ಒಂದೇ ಥರದ ಆರು ಬಾಣ

ಮಾರ್ಚ್ ಹದಿನಾರು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಗಂಟೆ, ನಿಮಿಷ ಎಲ್ಲ ಯಾಕೆ ಎಂದು ನೀವು ಕೇಳಬಹುದು. ಅದು ನನ್ನ ಕಾಯಿಲೆ. ಹಲ್ಲುಜ್ಜುವ ಬ್ರಷ್ ಬದಲಿಸಿದ ದಿನ, ನಮ್ಮ ಬೀದಿಯಲ್ಲಿ ಕರೆಂಟು ಹೋದ ಹೊತ್ತು, ಅಮ್ಮ ನನ್ನನ್ನು ಬೈದ ಕಾರಣ, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿವೆ. ತರೀಕೆರೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ಚಾಳಿ ಅಂಟಿತೋ, ಚಾಳಿ ನೋಡಿಯೇ ಅವರು ಕೆಲಸ ಕೊಟ್ಟರೋ ತಿಳಿಯದು. ಲೆಕ್ಕವಿಡದ ಜನ ತಪ್ಪು ಮಾಡಿದರೆ ಸುಮ್ಮನೆ ಮಾಡಿ ಮರೆಯುತ್ತಾರೆ. ನಮ್ಮಂಥವರು ಮಾಡುವ ತಪ್ಪಿಗೆ ತಾರೀಖು ಇರುತ್ತದೆ, ಅಳತೆ ಇರುತ್ತದೆ, ಕೆಳಗೊಂದು ಗೆರೆಯೂ ಇರುತ್ತದೆ.

ತಪ್ಪು ಶುರುವಾದದ್ದು ಬೀರೂರಿನಲ್ಲಿ. ಅಲ್ಲಿ ರಂಗಪ್ಪಜ್ಜ ಎಂಬವರಿದ್ದಾರೆ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಅವರ ಹತ್ತಿರ ಅವರೇ ಮಾಡಿದ ಬಿದಿರಿನ ಬಿಲ್ಲೊಂದಿದೆ. ಒಂದು ವರ್ಷದಿಂದ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ಅವರ ಹಿತ್ತಲಲ್ಲಿ ಬಾಣ ಬಿಡುವುದನ್ನು ಕಲಿಯುತ್ತಿದ್ದೇನೆ. ಜನವರಿಯಲ್ಲಿ ಅಜ್ಜನ ಹೆಗಲು ಕೈಕೊಟ್ಟಿತು. ಅದೇ ಹೊತ್ತಿಗೆ ಕಡೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಅವರ ಅಳಿಯ ಸುರೇಶಣ್ಣ, ‘ಮಾವ, ಬಿಲ್ಲು ಸುಮ್ನೆ ಮೂಲೇಲಿ ಬಿದ್ದಿರೋದಕ್ಕಿಂತ ನಮ್ಮ ಹಾಲಿನ ಗೋಡೆಗೆ ಹಾಕ್ತೀನಿ ಕೊಡಿ, ಟಿ.ವಿ. ಮೇಲೆ ಚೆನ್ನಾಗಿ ಕಾಣ್ತದೆ’ ಎಂದು ಕೇಳಿದ. ನನಗೆ ಹೊಟ್ಟೆ ಉರಿಯಿತು. ಅಜ್ಜ ನನ್ನ ಮುಖ ನೋಡಿ ಹೇಳಿದರು, ‘ನೋಡವ್ವಾ, ನೀನೇ ಬೆತ್ತದಲ್ಲಿ ಆರು ಬಾಣ ಮಾಡ್ಕೊಂಡು ಬಾ. ಆರೂ ಒಂದೇ ಥರ ಹೋಗ್ಬೇಕು, ಮೊರದಗಲದ ಗುರುತಿನೊಳಗೆ ಬೀಳ್ಬೇಕು. ಬಿದ್ರೆ ಬಿಲ್ಲು ನಿಂದು. ಇಲ್ದಿದ್ರೆ ಅಳಿಯಂದು.’ ಗಡುವು ಫೆಬ್ರವರಿ ಇಪ್ಪತ್ತಮೂರು.

ಬೆತ್ತದ ಬಾಣ ಮಾಡುವುದು ಎಷ್ಟು ಕಷ್ಟ ಎಂದು ಮಾಡದವರಿಗೆ ಹೇಳಿ ಪ್ರಯೋಜನವಿಲ್ಲ. ಬುಟ್ಟಿ ಹೆಣೆಯುವವರ ಹತ್ತಿರ ಆರಿಸಿ ತಂದ ಬೆತ್ತ ನೋಡುವುದಕ್ಕೆ ನೆಟ್ಟಗಿರುತ್ತದೆ. ಮನೆಗೆ ಬಂದ ಮೇಲೆ ಬಾಗುತ್ತದೆ. ಕೆಂಡದ ಮೇಲೆ ಕಾಯಿಸಿ, ಬಿಸಿ ಇರುವಾಗಲೇ ತಿದ್ದಿ ನೆಟ್ಟಗೆ ಮಾಡಿ ಮಲಗಿಸಿದರೆ ಬೆಳಿಗ್ಗೆ ಅದು ಹಳೆಯ ಸಿಟ್ಟನ್ನು ನೆನಪಿಟ್ಟುಕೊಂಡು ಎದ್ದಿರುತ್ತದೆ. ಒಂದನೇ ಬೆತ್ತವನ್ನು ನಾನು ಹನ್ನೊಂದು ಸಲ ತಿದ್ದಿದೆ. ತೂಕ ನೋಡಲು ಪರಿಚಯದ ಚಿನ್ನದ ಅಂಗಡಿಗೆ ಕಟ್ಟು ಹಿಡಿದು ಹೋದರೆ ಅಂಗಡಿಯವರು, ‘ಏನಮ್ಮಾ, ಬೆತ್ತಾನೂ ಅಡ ಇಡೋ ಕಾಲ ಬಂತಾ?’ ಅಂದರು.

ಗರಿಯ ಕತೆ ಬೇರೆ. ಟರ್ಕಿ ಕೋಳಿಯ ರೆಕ್ಕೆಯ ಗರಿ ಒಳ್ಳೆಯದೆಂದು ಅಜ್ಜ ಹೇಳಿದ್ದರಿಂದ ಅಜ್ಜಂಪುರದಲ್ಲಿ ಅವನ್ನು ಸಾಕಿದವರ ಮನೆ ಹುಡುಕಿಕೊಂಡು ಹೋದೆ. ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಕೋಳಿ ಬ್ಯಾಡ್ವಾ? ಬರೀ ಪುಕ್ಕ ಸಾಕಾ?’ ಎಂದು ಎರಡು ಸಲ ಕೇಳಿದರು. ಒಂದು ಬಾಣಕ್ಕೆ ಮೂರು ಗರಿ, ಮೂರೂ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಹಿತ್ತಲಲ್ಲಿ ಬಿದ್ದ ಗರಿಗಳನ್ನು ಎಡ ಯಾವುದು ಬಲ ಯಾವುದು ಎಂದು ನಾನು ವಿಂಗಡಿಸುತ್ತ ಕೂತಿದ್ದಾಗ ಗರಿಯ ನಿಜವಾದ ಯಜಮಾನ, ಆ ಟರ್ಕಿ ಹುಂಜ, ಬಂದು ನನ್ನನ್ನು ಅಂಗಳದ ತುಂಬ ಅಟ್ಟಾಡಿಸಿದ. ಮನೆಯಲ್ಲಿ ಅಮ್ಮ ಬಾಗಿಲಲ್ಲೇ ತಡೆದಳು. ‘ಈ ಮನೆಗೆ ಇವತ್ತಿನವರೆಗೆ ಒಂದು ಮೊಟ್ಟೆ ಬಂದಿಲ್ಲ ಕಣೇ! ನೀನು ಕೋಳಿ ರೆಕ್ಕೇನೇ ತಂದ್ಯಾ?’ ಗರಿಗಳು ಸ್ಕೂಟರಿನ ಡಿಕ್ಕಿಯಲ್ಲಿ ವಾಸ ಮಾಡಿದವು.

ಇಷ್ಟೆಲ್ಲ ಆದರೂ ಮುಖ್ಯವಾದದ್ದು ಬೇರೆಯೇ. ಆರೂ ಬೆತ್ತಗಳ ಬಿಗಿ ಒಂದೇ ಇರಬೇಕು. ಮೆತ್ತಗಿನದು ಬಲಕ್ಕೆ ಹೋಗುತ್ತದೆ, ಬಿಗಿಯಾದದ್ದು ಎಡಕ್ಕೆ. ಅದಕ್ಕೆ ನಾನೊಂದು ವ್ಯವಸ್ಥೆ ಮಾಡಿದೆ. ಅಡುಗೆಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ಅಜ್ಜನ ಹಳೆಯ ಬಾಣವೊಂದನ್ನು ಅವುಗಳ ಮೇಲೆ ಅಡ್ಡ ಇಟ್ಟು, ನಡುವೆ ಒಂದು ಕೆ.ಜಿ. ಸಕ್ಕರೆಯ ಪೊಟ್ಟಣ ನೇತುಹಾಕಿದೆ. ಅದು ಎಷ್ಟು ಬಾಗಿತೋ ಅಲ್ಲಿಗೆ ಪೆನ್ಸಿಲ್ ಗೆರೆ. ನನ್ನ ಬೆತ್ತವೂ ಅದೇ ಗೆರೆಗೆ ಬಾಗುವ ತನಕ ಗಾಜಿನ ಚೂರಿನಿಂದ ಹೆರೆಯುವುದು. ಎರಡು ದಿನಕ್ಕೆ ಒಂದು ಬಾಣ, ಫೆಬ್ರವರಿ ಹತ್ತರಿಂದ ಇಪ್ಪತ್ತೊಂದರವರೆಗೆ. ಅಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ, ‘ಈ ಪೊಟ್ಟಣಾನ ಡಬ್ಬಕ್ಕೆ ಸುರೀಬೇಡ. ಇದು ನನ್ನ ತೂಕದ ಕಲ್ಲು.’ ಅಮ್ಮ ಒಪ್ಪಿದಳು. ನನ್ನ ಮಾತನ್ನು ಅವಳು ಹೀಗೆ ಅಕ್ಷರಶಃ ಪಾಲಿಸಿದ್ದು ಅದೇ ಮೊದಲು.

ನೋಟ್‌ಬುಕ್ ನೋಡಿದರೆ ಈಗಲೂ ಮೈ ಉರಿಯುತ್ತದೆ. ‘ಎರಡನೇ ಬೆತ್ತ: ಸ್ವಲ್ಪ ಹಠಮಾರಿ.’ ‘ನಾಲ್ಕನೆಯದು: ತುಂಬ ಹೆರೆಯಬೇಕಾಯಿತು. ಬಿಸಿಲಿಗೆ ಬೆತ್ತ ಒಣಗಿ ಗಟ್ಟಿಯಾಗುತ್ತಿರಬಹುದು.’ ‘ಆರನೆಯದು: ಎರಡು ಗಂಟೆ ಹೆರೆದೆ. ಬೆತ್ತ ಕೊಟ್ಟವರು ಮೋಸ ಮಾಡಿದ್ದಾರೆ.’ ಕೊನೆಗೆ ಕೆಂಪು ಮಸಿಯಲ್ಲಿ, ‘ಆರೂ ಒಂದೇ ಬಿಗಿ.’ ಕೆಳಗೆ ಎರಡು ಗೆರೆ.

ಇಪ್ಪತ್ತಮೂರರಂದು ಬೀರೂರಿನ ಹಿತ್ತಲಲ್ಲಿ ಹುಲ್ಲಿನ ಹೊರೆಯ ಮೇಲೆ ಅಜ್ಜ ಸುಣ್ಣದಲ್ಲಿ ಗುರುತು ಬರೆದರು. ಸುರೇಶಣ್ಣ ಕಾರಿನೊಂದಿಗೆ ಬಂದು, ಬಿಲ್ಲು ಸುತ್ತಿಕೊಂಡು ಹೋಗಲು ಬೆಡ್‌ಶೀಟನ್ನೂ ತಂದಿದ್ದ. ನಾನು ಇಪ್ಪತ್ತು ಹೆಜ್ಜೆ ದೂರದಿಂದ ಒಂದರಿಂದ ಆರರವರೆಗೆ ಕ್ರಮವಾಗಿ ಬಿಟ್ಟೆ. ಒಂದನೆಯದು ಸರಿಯಾಗಿ ನಡುವೆ. ಎರಡನೆಯದು ಅದರ ಬಲಕ್ಕೆ. ಮೂರು ಇನ್ನೂ ಬಲಕ್ಕೆ, ಸುಣ್ಣದ ಅಂಚಿನಲ್ಲಿ. ನಾಲ್ಕು, ಐದು, ಆರು ಗುರುತು ದಾಟಿ ಒಂದರ ಪಕ್ಕ ಒಂದು.

ಅಜ್ಜ ಹಳಿ ನೋಡುವಂತೆ ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದರು. ‘ತಪ್ಪಿ ಬಿದ್ದವು ಇಷ್ಟು ನೀಟಾಗಿ ಬೀಳಲ್ಲ ಕಣವ್ವಾ. ಏನು ತೂಕ ಹಾಕಿದ್ದೆ?’

‘ಒಂದು ಕೆ.ಜಿ. ಸಕ್ಕರೆ ಪೊಟ್ಟಣ, ಅಜ್ಜ.’

‘ಆರಕ್ಕೂ ಅದೇ ಪೊಟ್ಟಣಾನಾ?’

‘ಅದೇ! ಬದಲಾಯಿಸಲೇ ಇಲ್ಲ,’ ಎಂದೆ ಹೆಮ್ಮೆಯಿಂದ.

‘ನಿಮ್ಮನೇಲಿ ಕಾಫಿಗೆ ಏನ್ ಹಾಕ್ತೀರಿ?’

ಅಮ್ಮ ಡಬ್ಬಕ್ಕೆ ಸುರಿದಿರಲಿಲ್ಲ, ನಿಜ. ಹನ್ನೆರಡು ದಿನವೂ ಪೊಟ್ಟಣದಿಂದಲೇ ಚಮಚದಲ್ಲಿ ತೆಗೆದು, ರಬ್ಬರ್ ಬ್ಯಾಂಡ್ ಹಾಕಿ, ನಿಷ್ಠೆಯಿಂದ ಮೊಳೆಯ ಹತ್ತಿರವೇ ಇಟ್ಟಿದ್ದಳು. ತೂಕ ಇಳಿದಂತೆ ಬೆತ್ತ ಕಡಿಮೆ ಬಾಗಿತ್ತು. ನಾನು ಹೆರೆದಿದ್ದೆ, ಹೆರೆದಿದ್ದೆ. ಮೋಸ ಮಾಡಿದ್ದು ಬೆತ್ತದವರಲ್ಲ. ದಿನಕ್ಕೆ ಮೂರು ಲೋಟ ಕುಡಿದವಳು ನಾನೇ ಎಂಬುದಕ್ಕೂ ನೋಟ್‌ಬುಕ್ಕಿನಲ್ಲಿ ದಾಖಲೆ ಇದೆ.

ಸುರೇಶಣ್ಣ ಬೆಡ್‌ಶೀಟು ಬಿಡಿಸಿದ. ನಾನು ಬೇರೆ ಕಡೆ ನೋಡಿದೆ. ಅಜ್ಜ ನಾಲ್ಕು, ಐದು, ಆರನ್ನು ಹುಲ್ಲಿನಿಂದ ಕಿತ್ತು ಅಳಿಯನ ಕೈಗಿಟ್ಟರು. ‘ಗೋಡೆಗೆ ಇವು ಸಾಕು ಕಣಪ್ಪಾ. ಗೋಡೆ ಮೇಲೆ ಎಡ ಏನು, ಬಲ ಏನು. ಬಿಲ್ಲು ಯುಗಾದಿ ಗಂಟ ಇಲ್ಲೇ ಇರ್ಲಿ. ಇವಳು ಇನ್ನೊಂದು ಮೂರು ಮಾಡ್ಕೊಂಡು ಬರ್ಲಿ.’ ಸುರೇಶಣ್ಣ ಗರಿ ಸವರಿ ನೋಡಿ, ‘ಇದೇ ವಾಸಿ ಮಾವ, ಟಿ.ವಿ. ಮೇಲೆ ಜಾಗಾನೂ ಕಮ್ಮಿ ಇತ್ತು’ ಎಂದ.

ಮೊನ್ನೆ ಬುಧವಾರ ಕಡೂರಿನಲ್ಲಿ ಅವನ ಗೃಹಪ್ರವೇಶ. ಹಾಲಿನಲ್ಲಿ ನನ್ನ ಮೂರು ಬಾಣಗಳು ಗಾಜಿನ ಚೌಕಟ್ಟಿನೊಳಗೆ, ಮೇಲೊಂದು ಪುಟ್ಟ ದೀಪ. ‘ನಮ್ಮ ಮಾವನ ಕಡೆಯವ್ರದ್ದು, ಬಾಳ ಹಳೇದು. ಒಂದೂ ಗುರಿ ತಪ್ಪಿದ್ದಿಲ್ಲವಂತೆ,’ ಎಂದು ಸುರೇಶಣ್ಣ ಬಂದವರಿಗೆಲ್ಲ ವಿವರಿಸುತ್ತಿದ್ದ. ರೇಷ್ಮೆ ಸೀರೆಯ ಹೆಂಗಸೊಬ್ಬರು ನನ್ನ ಕಡೆ ತಿರುಗಿ, ‘ಆಗಿನ ಕಾಲ್ದೋರ ತಾಳ್ಮೆ ನೋಡ್ರೀ! ಈಗಿನ ಮಕ್ಕಳಿಗೆ ಎಲ್ಲಿ ಬರ್ತದೆ?’ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಹೋಳಿಗೆ ಎರಡನೇ ಸಲ ಹಾಕಿಸಿಕೊಂಡೆ.

ಯುಗಾದಿಗೆ ಇನ್ನು ಹದಿನಾಲ್ಕು ದಿನ. ನನ್ನ ಹತ್ತಿರ ಉಳಿದ ಹಳೆಯ ಮೂರರಲ್ಲಿ ಮೂರನೇ ಬಾಣ ಗುರುತಿನ ಅಂಚಿನಲ್ಲೇ ಬೀಳುತ್ತಿದೆ, ಅದೂ ಕೈಬಿಡುವ ಲಕ್ಷಣ ಕಾಣುತ್ತಿದೆ. ಅತಿಯಾಗಿ ಹೆರೆದ ಬೆತ್ತವನ್ನು ಮತ್ತೆ ಬಿಗಿ ಮಾಡುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಉದ್ದ ಕಡಿಮೆ ಮಾಡಬೇಕೋ, ಮೊನೆ ಹಗುರ ಮಾಡಬೇಕೋ, ಅಳತೆ ಸಮೇತ ಬರೆದರೆ ಉಪಕಾರ. ಕಡೂರಿನ ಆ ಮನೆಯಲ್ಲಿ ಬಾಣ ನೋಡಿ ಮೆಚ್ಚಿ ಬಂದವರು ಮಾತ್ರ ಬರೆಯಬೇಡಿ. ಹೊಗಳಿಕೆ ಓದಿ ನಾನು ನಂಬಿಬಿಟ್ಟೇನು.