ನಾಲ್ಕು ಡಬ್ಬ ಬಳಚು

ರೂಪವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದಾಗಲೆಲ್ಲ ಎದುರಿನವರು ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಈ ರೂಪ ಇಟ್ಟುಕೊಂಡು ಇವನಿಗೆ ಆ ವಿಷಯ ಯಾರು ಕೊಟ್ಟರೆಂಬ ಅನುಮಾನ. ಭಟ್ಕಳದ ಮದುವೆಮನೆಯೊಂದರಲ್ಲಿ ದೂರದ ಅತ್ತೆಯೊಬ್ಬರು ಪಕ್ಕಕ್ಕೆ ಕರೆದು, "ಮಗಳ ಮೊಡವೆಗೆ ಎಂತ ಹಚ್ಚೂದು ಮಾರಾಯ?" ಎಂದು ಕೇಳಿದ್ದರು. ಅದಲ್ಲ ಅತ್ತೆ, ಶಂಖ ಯಾಕೆ ಸುರುಳಿಯಾಗಿದೆ, ಮೀನು ಯಾಕೆ ಚಪ್ಪಟೆಯಾಗಿದೆ, ಜೀವಿಗಳ ಆಕಾರ ಹೀಗೇ ಯಾಕಿದೆ ಎಂದು ತಿಳಿಯುವ ಶಾಸ್ತ್ರ ಇದು ಎಂದೆ. "ಅದೆಲ್ಲ ದೇವರು ಮಾಡಿಟ್ಟಿದ್ದಲ್ದ? ಅದ್ರಲ್ಲಿ ನಿಂದೆಂತ ಕೆಲಸ?" ಎಂದರು. ಆ ದಿನವೇ ಕೈತೊಳೆದುಕೊಂಡು ಮನೆಗೆ ಬಂದಿದ್ದರೆ ಇಂದು ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ.

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ಮನೆ ಕುಮಟಾದಲ್ಲಿ. ನಲವತ್ತು ದಾಟಿದ ಮೇಲೆ ಡಾಕ್ಟರೇಟ್ ಹುಚ್ಚು ಹಿಡಿಯಿತು. ಆರಿಸಿಕೊಂಡದ್ದು ಅಘನಾಶಿನಿ ಹೊಳೆಯ ಬಳಚೆಂಬ ಕಪ್ಪೆಚಿಪ್ಪನ್ನು. ನಮ್ಮ ಕಡೆಯವರು ಅದನ್ನು ಸುಕ್ಕ ಮಾಡಿ ತಿಂದು ಚಿಪ್ಪನ್ನು ತೆಂಗಿನ ಬುಡಕ್ಕೆ ಎಸೆಯುತ್ತಾರೆ. ನನಗೆ ಬೇಕಾದದ್ದು ಆ ಚಿಪ್ಪು. ನದಿ ಸಮುದ್ರ ಸೇರುವ ಅಳಿವೆಯಿಂದ ಒಳಗೊಳಗೆ ಹೋದಂತೆ ನೀರಿನ ಉಪ್ಪು ಕಡಿಮೆಯಾಗುತ್ತದೆ. ಹಾಗಾದರೆ ಚಿಪ್ಪಿನ ಆಕಾರವೂ ಬದಲಾಗಬೇಕಲ್ಲ? ನಾಲ್ಕು ಜಾಗ ಗುರುತಿಸಿದೆ. ವರ್ಷಕ್ಕೊಂದು ಜಾಗದ ಚಿಪ್ಪು, ವರ್ಷಕ್ಕೊಂದು ಡಬ್ಬ.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಕೆಸರೆಂದರೆ ಹೆದರಿಕೆ. ಆದ್ದರಿಂದ ನದಿಗೆ ಇಳಿಯುವ ಕೆಲಸವನ್ನು ಕಾಗಾಲದ ಮಾದೇವಿಗೆ ವಹಿಸಿದ್ದೆ. ಬಳಚು ಹೆಕ್ಕಿ ಮನೆಮನೆಗೆ ಮಾರುವ ಗಟ್ಟಿ ಹೆಂಗಸು. ಮಾಂಸ ಅವಳಿಗೆ, ಚಿಪ್ಪು ನನಗೆ. ನಾನು ಫ್ಯಾನಿನ ಕೆಳಗೆ ಕೂತು ಒಂದೊಂದೇ ಚಿಪ್ಪನ್ನು ವರ್ನಿಯರ್ ಕ್ಯಾಲಿಪರೆಂಬ ಸಣ್ಣ ಗೆರೆಗಳ ಅಳತೆ ಇಕ್ಕಳದ ಬಾಯಿಗೆ ಕೊಟ್ಟು ಅಳೆಯುತ್ತಿದ್ದೆ. ಫಲ ಬಂತು ನೋಡಿ! ಮೊದಲ ಡಬ್ಬಕ್ಕಿಂತ ಎರಡನೆಯದರ ಚಿಪ್ಪು ತುಸು ಉಬ್ಬು, ಮೂರನೆಯದು ಇನ್ನೂ ಉಬ್ಬು, ನಾಲ್ಕನೆಯದಂತೂ ಉಬ್ಬಿದ ಪೂರಿಯ ಹಾಗೆ. ನನ್ನ ಮಾರ್ಗದರ್ಶಕರು ನಕ್ಷೆ ನೋಡಿ, "ಇಷ್ಟು ಚೊಕ್ಕಟ ಏರಿಕೆ ನಾನು ಕಂಡೇ ಇರಲಿಲ್ಲ" ಎಂದರು. ನಾನೂ ಕಂಡಿರಲಿಲ್ಲ. ಅನುಮಾನ ಬರಬೇಕಿದ್ದದ್ದು ಅಲ್ಲೇ.

ಪ್ರಬಂಧ ಕುಮಟಾದ ಬೈಂಡರ ಅಂಗಡಿಗೆ ಹೋಯಿತು. ಮುನ್ನುಡಿಗೆ ಮಾದೇವಿಯದೊಂದು ಫೋಟೋ ಇರಲೆಂದು ಕಾಗಾಲಕ್ಕೆ ಹೋದೆ.

"ನಾಲ್ಕನೇ ಜಾಗಕ್ಕೆ ಹೋಗುವಾ ಮಾದೇವಿ. ಅಲ್ಲಿ ನೀನು ಬಳಚು ಹೆಕ್ಕುವ ಹಾಗೆ ಒಂದು ಫೋಟೋ."

ಅವಳು ಬುಟ್ಟಿ ಕೆಳಗಿಟ್ಟಳು. "ಅಲ್ಲಿ ಬಳಚು ಎಲ್ಲದೆ ಮಾಸ್ತರ್ರೇ? ಬರೀ ಕುತ್ತಿಗೆಮಟ ಕೆಸರು."

"ಮತ್ತೆ ನಾಲ್ಕನೇ ಡಬ್ಬ?"

"ನಮ್ಮನೆ ಹಿಂದಿನ ಹೊಳೆ ದಿಬ್ಬದ್ದೇ."

"ಮೂರನೆಯದು?"

"ಅದೂ ಅಲ್ಲಿದೇ. ನಾಲ್ಕೂ ಅಲ್ಲಿದೇ. ಮೊದ್ಲೇ ಹೇಳಿದ್ನಲ್ಲ, ಬೇರೆ ಕಡೆ ಸಿಗೂದಿಲ್ಲ ಅಂತ. ನೀವೇ, ಪುಸ್ತಕದಲ್ಲಿ ಬರ್ದಿದೆ, ಹುಡುಕು, ಇದ್ದೇ ಇರ್ತದೆ ಅಂದ್ರಿ. ಇಲ್ಲ ಅಂದ್ರೆ ಪಾಪ, ಬೇಜಾರ ಮಾಡ್ಕಂತ್ರಿ ಅಂತ ತಂದ್ಕೊಟ್ಟೆ." ನನ್ನ ಮುಖ ನೋಡಿ ಅವಳಿಗೇ ಗಾಬರಿಯಾಯಿತು. "ಎಂತ ಆತು? ನೀರು ಕುಡೀತ್ರಾ?"

ಕುಡಿದೆ. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅವಳು ನಿಜವನ್ನೇ ಹೇಳಿದ್ದಳು, ಕೇಳದವನು ನಾನು. ನಾಲ್ಕು ವರ್ಷದ ಭಾನುವಾರಗಳು ಒಂದೇ ದಿಬ್ಬದಲ್ಲಿ ಹೂತುಹೋಗಿದ್ದವು. ಬಸ್ಸಿನಲ್ಲಿ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಯಾರಿಗೂ ಹೇಳದಿದ್ದರೆ ಆಯಿತಲ್ಲ ಎಂಬ ಯೋಚನೆ ಬಂತು, ನಾಚಿಕೆಯಿಲ್ಲದೆ ಎರಡು ಸಲ ಬಂತು. ಕೊನೆಗೆ ಮಲಗಿದಲ್ಲಿಂದಲೇ ಹೆಂಡತಿ ಶೈಲಾಳಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆಂದುಕೊಂಡರೆ, ಸೌತೆಕಾಯಿ ಹೆಚ್ಚುತ್ತಲೇ ಕೇಳಿದಳು:

"ಎಲ್ಲ ಒಂದೇ ಜಾಗದ್ದಾದ್ರೆ, ನಿಮಗೆ ಆ ವ್ಯತ್ಯಾಸ ಎಲ್ಲಿ ಸಿಕ್ತು?"

ನಾನು ಎದ್ದು ಕೂತೆ. ನಾಲ್ಕು ವರ್ಷದಲ್ಲಿ ಈ ವಿಷಯದ ಬಗ್ಗೆ ಯಾರಾದರೂ ಕೇಳಿದ ಮೊದಲ ವೈಜ್ಞಾನಿಕ ಪ್ರಶ್ನೆ ಅದು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ನಾಲ್ಕೂ ಡಬ್ಬ ಸುರುವಿಕೊಂಡು ಇಬ್ಬರೂ ಕೂತೆವು. ನಾನು ಅಳೆದ ಚಿಪ್ಪನ್ನೇ ಅವಳೂ ಅಳೆದಳು. ಅವಳ ಲೆಕ್ಕದಲ್ಲಿ ನಾಲ್ಕು ಡಬ್ಬವೂ ಒಂದೇ. ನನ್ನ ಹಳೆಯ ಪುಸ್ತಕದ ಅಂಕಿಗಳು ಮೊದಲ ಡಬ್ಬದಲ್ಲಿ ಅವಳದಕ್ಕೆ ಸರಿಯಾಗಿ ಹೊಂದಿದವು. ಎರಡನೆಯದರಲ್ಲಿ ಸ್ವಲ್ಪ ಜಾರಿದವು. ನಾಲ್ಕನೆಯದರಲ್ಲಿ ಪರಸ್ಪರ ಪರಿಚಯವೇ ಇರಲಿಲ್ಲ. ಅವಳು ಕ್ಯಾಲಿಪರನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಯಾವ ಗೆರೆ ಕೂಡ್ತದೆ ಹೇಳಿ" ಎಂದಳು. ನಾನು ಕೈಯನ್ನು ದೂರ ತಳ್ಳಿ, ಕತ್ತು ಹಿಂದಕ್ಕೆಳೆದು, ಧೈರ್ಯವಾಗಿ ಒಂದು ಗೆರೆ ಹೇಳಿದೆ. "ಅದು ಗೆರೆಯಲ್ಲ, ತುಕ್ಕು" ಎಂದಳು.

ಬೈಂಡರ ಅಂಗಡಿಯಿಂದ ಪ್ರಬಂಧ ವಾಪಸ್ಸು ತಂದೆ. "ಹೆಸರು ತಪ್ಪಿತ್ತೇನ್ರೀ?" ಎಂದು ಅವನು ಕೇಳಿದ. ಹೆಸರೊಂದೇ ಸರಿ ಇದ್ದದ್ದು ಎಂದೆ. ಮಾರ್ಗದರ್ಶಕರಿಗೆ ಫೋನಿನಲ್ಲಿ ಎಲ್ಲ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ನಿಜ ಹೇಳಿದಿರಿ, ಸಂತೋಷ. ಮೊದಲಿನಿಂದ ಶುರು ಮಾಡಿ" ಎಂದು ಇಟ್ಟುಬಿಟ್ಟರು. ಆ ದನಿಯಲ್ಲಿ ಸಂತೋಷವನ್ನು ನಾನು ಹುಡುಕಿದೆ, ಸಿಗಲಿಲ್ಲ.

ಆ ವಾರವೇ ಹೊನ್ನಾವರದಲ್ಲಿ ಕಣ್ಣಿನ ಡಾಕ್ಟರ ಎದುರು ಕೂತೆ. ಅವರು ನಾಲ್ಕಾರು ಗಾಜು ಬದಲಿಸಿ ನೋಡಿ, "ಹತ್ತಿರದ್ದು ಪೂರ್ತಿ ಹೋಗಿದೆಯಲ್ಲ. ಯಾವಾಗಿಂದ ಹೀಗೆ ಅಂತ ಏನಾದರೂ ನೆನಪಿದೆಯಾ?" ಎಂದರು. ನಾನು ಚೀಲದಿಂದ ಪ್ರಬಂಧ ತೆಗೆದು, ನಕ್ಷೆಯ ಪುಟ ಬಿಡಿಸಿ, ಅವರ ಮುಂದಿಟ್ಟೆ. ಶುರುವಾದದ್ದು ಎರಡನೇ ವರ್ಷದ ಮಳೆಗಾಲದಲ್ಲಿ, ಆಮೇಲೆ ತಿಂಗಳು ತಿಂಗಳಿಗೆ ಎಷ್ಟೆಷ್ಟು ಹೋಯಿತು, ಎಲ್ಲ ಗೆರೆ ಎಳೆದು ತೋರಿಸಿದೆ. ಡಾಕ್ಟರು ಕನ್ನಡಕ ಮೇಲೆತ್ತಿ ಬಹಳ ಹೊತ್ತು ಅದನ್ನೇ ನೋಡಿದರು.

"ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟ ಪೇಶಂಟನ್ನು ನಾನು ಈವರೆಗೆ ನೋಡಿಲ್ಲ ಸಾರ್" ಎಂದರು.

ನನ್ನ ಸಂಶೋಧನೆಗೆ ನ್ಯಾಯವಾಗಿ ಸಂದ ಮೆಚ್ಚುಗೆ ಅದೊಂದೇ. ಎದ್ದು ನಿಂತು ಕೈಮುಗಿದೆ.