ಡಿಕಾಕ್ಷನ್ ಬಳಿದ ಸ್ಪ್ಯಾನಿಶ್ ಸೇತುವೆ

ತ್ಯಾಗರಾಜ ಸ್ಪೇನಿಗೆ ಹೋಗದೇ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಕೋವಿಡ್ ತಗ್ಗಿದ ಮೇಲೆ ಹೆಂಡತಿ ಊರ್ಮಿಳಾ ಜೊತೆ ಟೂರಿಗೆ ಹೋದವನು, ಉಳಿದವರೆಲ್ಲ ಅರಮನೆಗಳ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ, ಹಳೆಯ ರಸ್ತೆಯೊಂದರ ಕಲ್ಲು ಸೇತುವೆಗಳ ಕೆಳಗೆ ಅಂಗಾತ ಮಲಗಿ ಕಮಾನು ನೋಡುತ್ತಿದ್ದ. ಗಾರೆಯಿಲ್ಲ, ಸಿಮೆಂಟಿಲ್ಲ, ಬಸ್ಸಿನಲ್ಲಿ ಮೂವರ ಸೀಟಿಗೆ ಐವರು ಕೂತ ಹಾಗೆ ಕಲ್ಲುಗಳು ಒತ್ತಿಕೊಂಡು ಕೂತಿದ್ದವು. ಯಾರೂ ಬೀಳುವಂತಿಲ್ಲ, ಯಾರೂ ಏಳುವಂತಿಲ್ಲ.

"ನೋಡೇ, ಆ ಒತ್ತಡವೇ ಅದನ್ನ ನಿಲ್ಲಿಸಿರೋದು!"

"ನನ್ನನ್ನೂ ಅಷ್ಟೇರೀ. ಏಳಿ, ಬಸ್ಸು ಹೊರಡ್ತಿದೆ" ಎಂದಳು ಊರ್ಮಿಳಾ.

ಅಮೆರಿಕದ ಜಾರ್ಜಿಯಾದ ಕಮ್ಮಿಂಗಿಗೆ ಮರಳಿದವನಿಗೆ ಹಿತ್ತಲಿನ ಮಳೆನೀರಿನ ಹಳ್ಳ ನದಿಯಂತೆ ಕಾಣತೊಡಗಿತು. ವಾರವಿಡೀ ಕೋಡ್ ಬರೆದು, ಶನಿವಾರ ಭಾನುವಾರ ಕಲ್ಲು ಹೊತ್ತ. ಮರದ ಅಚ್ಚು ನಿಲ್ಲಿಸಿ, ಅದರ ಮೇಲೆ ಕಲ್ಲು ಜೋಡಿಸಿ, ನೆತ್ತಿಯ ಕಲ್ಲನ್ನು ಬಡಿದು ಕೂರಿಸಿ, ಉಸಿರು ಬಿಗಿಹಿಡಿದು ಅಚ್ಚನ್ನು ಎಳೆದ. ಸೇತುವೆ ನಿಂತಿತು! ಅವನು ಮಾಡಿದ್ದೊಂದು ಮೊದಲ ಏಟಿಗೇ ಕೆಲಸ ಮಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಸಂಭ್ರಮದಲ್ಲಿ ಒಂದನ್ನು ಮಾತ್ರ ಮರೆತಿದ್ದ: ಎಚ್‌ಒಎ ಪರ್ಮಿಷನ್ನು. ಆ ಕಾಲೊನಿಯ ಮನೆಮಾಲೀಕರ ಸಂಘ ಮೇಲ್‌ಬಾಕ್ಸಿನ ಬಣ್ಣ ಬದಲಿಸುವುದಕ್ಕೂ ಮೀಟಿಂಗ್ ಕರೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಫೋನು ಟಣ್ ಎಂದಿತು. ಸಂಘದ ಗ್ಲೆಂಡಾ ಮೆಸೇಜು: 'ನಿಮ್ಮ ಸೇತುವೆ ಬಗ್ಗೆ ಮಾತಾಡಬೇಕು. ಸಂಜೆ ಬರುತ್ತೇನೆ.'

"ಒಡೆಸ್ತಾರೆ" ಎಂದ ಪಕ್ಕದ ಮನೆಯ ಅವಿನಾಶ್, ಬೇಲಿಯಾಚೆಯಿಂದಲೇ. ಅವನು ಕಾಲೊನಿಯ ರೂಲ್ಸನ್ನೆಲ್ಲ ಬಾಯಿಪಾಠ ಮಾಡಿದ್ದ, ಅರ್ಧ ತಪ್ಪಾಗಿ. "ಹೊಸದಾದ್ರೆ ಗ್ಯಾರಂಟಿ ಒಡೆಸ್ತಾರೆ ಗುರೂ. ಆದ್ರೆ ಹಿಸ್ಟಾರಿಕ್ ಆದ್ರೆ ಯಾವನೂ ಟಚ್ ಮಾಡೋ ಹಾಗಿಲ್ಲ. ಸ್ಪ್ಯಾನಿಶ್ ಜನ ಒಂದ್ಕಾಲದಲ್ಲಿ ಜಾರ್ಜಿಯಾಗೆ ಬಂದಿದ್ರು ತಾನೆ? ಅವ್ರು ಕಟ್ಟಿದ್ದು ಅನ್ನು. ಕುಡ್ಜು ಬಳ್ಳಿ ಮುಚ್ಕೊಂಡಿತ್ತು, ನೀನು ಕ್ಲೀನ್ ಮಾಡ್ದೆ, ಅಷ್ಟೆ."

"ನಾನು ಕಟ್ಟಿದ್ದನ್ನ ನಾನು ಕಟ್ಟಿಲ್ಲ ಅನ್ಲಾ?"

"ಉಳೀಬೇಕೋ ಬೇಡ್ವೋ?"

ಉಳಿಯಬೇಕು. ಕೆಲಸ ಹೋದರೂ ಚಿಂತೆಯಿಲ್ಲ, ಅದು ಉಳಿಯಬೇಕು. ತ್ಯಾಗರಾಜ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಅವಿನಾಶನ ತಾಯಿ ವಿದ್ಯಾವತಿ ಆಂಟಿ ಪಾತ್ರೆ ಹಿಡಿದು ಬಂದರು. "ಇಷ್ಟು ಬೆಳ್ಳಗಿದ್ರೆ ಯಾರಪ್ಪಾ ನಂಬ್ತಾರೆ? ಗಟ್ಟಿ ಡಿಕಾಕ್ಷನ್ ಹಾಕಿದೀನಿ, ಬಳಿ. ನಾಲ್ಕು ಕೋಟ್ ಕೊಟ್ರೆ ನಾನೂರು ವರ್ಷ ಆಗುತ್ತೆ."

ಡಿಕಾಕ್ಷನ್ ಬಳಿದದ್ದಾಯಿತು. ಕಾಡಿನಂಚಿನಿಂದ ಪಾಚಿ ಕೆರೆದು ತಂದು, ಹುಳಿಮೊಸರು ಹಚ್ಚಿ ಕಲ್ಲಿಗೆ ಅಂಟಿಸಿದ್ದಾಯಿತು. ಕೊನೆಗೆ ಆಂಟಿ ನೆತ್ತಿಯ ಕಲ್ಲಿಗೆ ಅರಿಶಿನ ಕುಂಕುಮವನ್ನೂ ಇಟ್ಟರು.

"ಆಂಟಿ, ಇದು ಸ್ಪ್ಯಾನಿಶ್ ಸೇತುವೆ!"

"ಇರ್ಲಿ ಬಿಡು. ಹಳೇ ಕಲ್ಲು ಅಂದ್ಮೇಲೆ ಬರೀ ಹಣೇಲಿ ಇರ್ಬಾರ್ದು."

ಸಂಜೆ ಗ್ಲೆಂಡಾ ಬಂದಳು, ಜೊತೆಗೆ ದಪ್ಪನೆಯದೊಂದು ನಾಯಿ. ಅವಳು ಬಾಯಿ ತೆರೆಯುವ ಮೊದಲೇ ಅವಿನಾಶ್ ಅಮೆರಿಕನ್ ಇಂಗ್ಲಿಷಿನಲ್ಲಿ ನಾನೂರು ವರ್ಷದ ಚರಿತ್ರೆ ಹೇಳಿಬಿಟ್ಟ. ಅವಳು ಬಗ್ಗಿ ಮೂಸಿದಳು.

"ಕಾಫಿ ವಾಸನೆ ಬರ್ತಿದೆ?"

"ಸ್ಪ್ಯಾನಿಶ್ ಜನ ತುಂಬಾ ಕಾಫಿ ಕುಡೀತಾರೆ" ಎಂದ ಅವಿನಾಶ್.

ನಾಯಿ ಆನಂದದಿಂದ ಪಾಚಿ ನೆಕ್ಕತೊಡಗಿತು. "ನೋಡಿ, ಇದಕ್ಕೂ ಚರಿತ್ರೆಯ ರುಚಿ ಹತ್ತಿದೆ" ಎಂದು ಗ್ಲೆಂಡಾ ಮೆಚ್ಚಿಕೊಂಡು, ಊರ್ಮಿಳಾ ಕಡೆ ತಿರುಗಿದಳು. "ನಿಮ್ಮ ಗಂಡನೇ ಕಟ್ಟಿರಬೇಕು ಅಂದುಕೊಂಡಿದ್ದೆ."

ಊರ್ಮಿಳಾಗೆ ಹೇಳಿಕೊಟ್ಟಿದ್ದು ಒಂದೇ ಮಾತು: 'ಇಲ್ಲ.' ಆದರೆ ಇಂಥ ಅವಕಾಶ ಮತ್ತೆ ಸಿಗುವುದೇ? "ಇವ್ರಾ? ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಕ್ಕೆ ಬರಲ್ಲ ಇವ್ರಿಗೆ! ಪುಸ್ತಕದ ಶೆಲ್ಫು ಜೋಡ್ಸಿದ್ರು, ಈಗ್ಲೂ ಗೋಡೆಗೆ ಹಗ್ಗ ಕಟ್ಟಿ ನಿಲ್ಸಿದೀವಿ!" ಎಂದು ಇಂಗ್ಲಿಷಿನಲ್ಲಿ ಕೈಯಾಡಿಸಿಕೊಂಡು ಹೇಳಿದಳು. ಗ್ಲೆಂಡಾಗೆ ಪೂರ್ತಿ ಮನವರಿಕೆಯಾಯಿತು.

"ಅಯ್ಯೋ ಪಾಪ. ನೋಡಿ, ನಮ್ಮ ಸಂಘದ ಬೋರ್ಡಿನವರಿಗೆಲ್ಲ ದೂರದಿಂದ ನೋಡಿಯೇ ಸೇತುವೆ ತುಂಬ ಹಿಡಿಸಿತ್ತು. ಪರ್ಮಿಷನ್ನು ಆಮೇಲೆ ಕೊಟ್ಟರಾಯಿತು, ನಮ್ಮ ಪಾರ್ಕಿನಲ್ಲೂ ಇವರಿಂದ ಇಂಥದೊಂದು ಕಟ್ಟಿಸಿ ಇವರ ಹೆಸರು ಕೆತ್ತಿಸೋಣ ಅಂತ ಕೇಳಲಿಕ್ಕೇ ಬಂದಿದ್ದು ನಾನು."

ತ್ಯಾಗರಾಜನ ಕಿವಿಯಲ್ಲಿ ಗುಂಯ್ ಎಂದಿತು. ಹೆಸರು! ಕಲ್ಲಿನ ಮೇಲೆ!

"ನಾನೇ ಕಟ್ಟಿದ್ದು! ಆಣೆಗೂ ನಾನೇ! ಅದು ಡಿಕಾಕ್ಷನ್ನು, ಇದು ಮೊಸರು!"

ಗ್ಲೆಂಡಾ ಅವನ ಭುಜ ತಟ್ಟಿದಳು. "ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕಟ್ಟಿದವರ ಹೆಸರನ್ನು ಕಸಿಯಬಾರದು. 'ಅಜ್ಞಾತ ಸ್ಪ್ಯಾನಿಶ್ ಶಿಲ್ಪಿ' ಅಂತ ಫಲಕ ಹಾಕಿಸುತ್ತೇನೆ."

ಅವಿನಾಶ್ ಹೆಬ್ಬೆರಳೆತ್ತಿ ತೋರಿಸಿದ. ಅಂತೂ ಸೇತುವೆ ಉಳಿಯಿತು.

ಆದರೆ ಗ್ಲೆಂಡಾ ಹೋಗಲಿಲ್ಲ. ಸೇತುವೆಯ ನಡುವೆ ನಿಂತು ಒಂದು ಕೈಯನ್ನು ಕಾಡಿನ ಕಡೆಗೂ ಇನ್ನೊಂದನ್ನು ಮನೆಯ ಕಡೆಗೂ ಚಾಚಿದಳು. "ಸೇತುವೆ ಇದೆ ಅಂದ ಮೇಲೆ ರಸ್ತೆಯೂ ಇದ್ದಿರಲೇಬೇಕು. ಆ ಕಡೆಯಿಂದ ಬಂದು, ಹೀಗೆ ದಾಟಿ, ನೇರವಾಗಿ..." ಅವಳ ಬೆರಳು ತ್ಯಾಗರಾಜ ಹೋದ ವರ್ಷವಷ್ಟೇ ಹಿತ್ತಲ ಬಾಗಿಲಿಗೆ ಜಗುಲಿಯಂತೆ ಕಟ್ಟಿಸಿದ ಮರದ ಡೆಕ್ಕಿನ ಮೇಲೆ ನಿಂತಿತು. "ನಿಮ್ಮ ಡೆಕ್ಕು ಹಳೇ ಸ್ಪ್ಯಾನಿಶ್ ರಸ್ತೆಯ ಮೇಲಿದೆ! ಅದನ್ನು ತೆಗೆಸಬೇಕಾಗುತ್ತದೆ. ಸೇತುವೆಗೆ ಹಗ್ಗ ಕಟ್ಟಿಸುತ್ತೇವೆ, ಇನ್ನು ಮೇಲೆ ನೀವು ಅದರ ಮೇಲೆ ಕಾಲಿಡಬೇಡಿ."

ಅವಳು ನಾಯಿಯನ್ನು ಎಳೆದುಕೊಂಡು ಹೋದಳು. ತ್ಯಾಗರಾಜ ಡೆಕ್ಕನ್ನು ನೋಡಿದ, ಸೇತುವೆಯನ್ನು ನೋಡಿದ, ಒಳಗಿನಿಂದ ಸುತ್ತಿಗೆ ತಂದ. ಯಾವುದಕ್ಕೆ ಹೊಡೆಯಬೇಕೆಂದು ತಿಳಿಯದೆ ನಿಂತ.

ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ವಿದ್ಯಾವತಿ ಆಂಟಿ ಮೆಲ್ಲನೆ ಅವನ ಕೈಯಿಂದ ಸುತ್ತಿಗೆ ಕಸಿದುಕೊಂಡರು.

"ಇದೆಲ್ಲ ನಿನ್ಗೆ ಯಾಕಪ್ಪಾ? ಒಂದ್ ಮೊಳೆ ಹೊಡೆಯಕ್ಕೂ ಬರಲ್ವಂತೆ. ಯಾರಾದ್ರೂ ಕೆಲಸ ಗೊತ್ತಿರೋರನ್ನ ಕರ್ಸು."