ಬಾಯಮ್ಮನ ಉಪ್ಪರಿಗೆ ಹತ್ತಿದವರು

ಬಿ.ಎ. ಪಾಸಾದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರು ಯಾವ ಕಷ್ಟ ಹೇಳಿಕೊಂಡು ಬಂದರೂ ‘ಅದನ್ನು ನನಗೆ ಬಿಡಿ’ ಎಂದುಬಿಡುವುದು. ನಮ್ಮ ವಂಶದಲ್ಲಿ ಈ ಕಾಯಿಲೆ ಮೊದಲು ತಗಲಿದ್ದು ನನಗೇ. ಹೊಸನಗರದ ಕಡೆ ಗೇಣಿ ಗದ್ದೆ ಮಾಡುತ್ತಿದ್ದ ನನ್ನಪ್ಪ ಕಷ್ಟ ಬಂದರೆ ಒಂದು ಎಲೆಯಡಿಕೆ ಹಾಕಿ ಯೋಚಿಸುತ್ತಿದ್ದ. ನಾನು ಯೋಚಿಸುವುದಿಲ್ಲ, ಓದಿದ್ದೇನಲ್ಲ! ಅಕ್ಕಿಗಂಟು ಹೊತ್ತು, ಕಂಡವರ ಜಗಲಿಯಲ್ಲಿ ಮಲಗಿ ಸಂಪಾದಿಸಿದ ಡಿಗ್ರಿ. ಸುಮ್ಮನೆ ಇಟ್ಟುಕೊಳ್ಳುವುದು ಹೇಗೆ?

ಸಾಗರದ ಹೈಸ್ಕೂಲಿಗೆ ಮೇಷ್ಟರಾಗಿ ಬಂದ ನಾನು ಮೊನಿಕಾ ಬಾಯಮ್ಮನ ಉಪ್ಪರಿಗೆಯಲ್ಲಿ ಬಾಡಿಗೆಗಿದ್ದೆ. ಅವರ ಮುತ್ತಜ್ಜ ಗೋವೆಯಿಂದ ಉಳಿ, ಗರಗಸ ಹೊತ್ತು ಘಟ್ಟ ಹತ್ತಿ ಬಂದ ಬಡಗಿ. ಆತ ತನ್ನ ಕೈಯಾರೆ ಕಟ್ಟಿದ ಮನೆ ಅದು. ಆಮೇಲೆ ಗೋವೆಯಿಂದ ಬಂದ ಅವರ ಜನವೆಲ್ಲ ಈ ಊರಿಗೆ ಕಾಲಿಟ್ಟ ದಿನ ರಾತ್ರಿ ತಂಗಿದ್ದು ಅಲ್ಲೇ. ಈಗ ಪುರಸಭೆ ಆಫೀಸಿನವರು ಮನೆ ಶಿಥಿಲವಾಗಿದೆ, ಕೆಡವಬೇಕು ಎಂದಿದ್ದರು. ಇಂಜಿನಿಯರು ಬಂದು ನೋಡಿ ಗಟ್ಟಿಯಿದೆ ಎಂದರೆ ಮಾತ್ರ ಉಳಿಯುತ್ತಿತ್ತು.

“ಎಂತ ಮಾಡೂದು ಮೇಷ್ಟ್ರೇ? ಮುತ್ತಜ್ಜನದು ಅಂತ ತೋರಿಸ್ಲಿಕ್ಕೆ ಇದೊಂದೇ ಉಂಟು,” ಎಂದು ಬಾಯಮ್ಮ ಕಣ್ಣೊರೆಸಿಕೊಂಡರು.

“ನನಗೆ ಬಿಡಿ,” ಎಂದೆ.

ಇಂಜಿನಿಯರ ಕಣ್ಣೆದುರೇ ನಾಲ್ಕು ಜನರನ್ನು ಉಪ್ಪರಿಗೆಯ ಮೇಲೆ ನಿಲ್ಲಿಸಿ ತೋರಿಸುವುದು ನನ್ನ ಉಪಾಯ. ಎದುರು ಮನೆಯ ದಢೂತಿ ಶೇಷಪ್ಪನವರಿಗೆ ಬರಲು ಹೇಳಿದೆ. ಆದರೆ ನಮ್ಮ ಸೀಮೆಯಲ್ಲಿ ಒಂದು ಮನೆಗೆ ಹೇಳಿಕೆ ಕೊಟ್ಟು ಪಕ್ಕದ ಮನೆ ಬಿಟ್ಟರೆ, ಆ ಮನೆಯವರು ಸಾಯುವ ತನಕ ಮಾತು ಬಿಡುತ್ತಾರೆ. ಬೀದಿಗೆಲ್ಲ ಹೇಳಿದೆ. ಎಲ್ಲರೂ ಬರುತ್ತಾರೆಯೇ ಎಂದುಕೊಂಡೆ. ಬಂದರು. ಮದುವೆಗೆ ಬಂದ ಹಾಗೆ ಜರಿ ಶಾಲು ಹೊದ್ದು, ಮನೆಮಂದಿ ಸಮೇತ ಬಂದರು.

ಇಂಜಿನಿಯರು ಉಪ್ಪರಿಗೆ ಹತ್ತಿದರು. ದೊಡ್ಡವರನ್ನು ಒಬ್ಬರೇ ಬಿಡಬಾರದೆಂದು ಬೀದಿಗೆ ಬೀದಿಯೇ ಹಿಂದೆ ಹತ್ತಿತು. ಹಲಗೆಗಳು ಒಮ್ಮೆ ನರಳಿದವು. ಗೋಡೆಯ ಮೇಲೆ ಕಪ್ಪು ಗೌನು ತೊಟ್ಟ ನನ್ನ ಫೋಟೋ ತಾನಾಗಿಯೇ ಓರೆಯಾಯಿತು. ನನ್ನ ಕಾಲಡಿಯ ನೆಲ ಮೆಲ್ಲಗೆ ಕೆಳಗಿಳಿದು ಮತ್ತೆ ಮೇಲೆ ಬಂದಂತಾಯಿತು.

“ಒಬ್ಬೊಬ್ರೇ ಇಳೀರಿ,” ಎಂದರು ಇಂಜಿನಿಯರು, ತುಟಿ ಅಲುಗಾಡಿಸದೆ.

ಮೆಟ್ಟಿಲ ಬಳಿ ನಿಂತಿದ್ದವರು ಶೇಷಪ್ಪನವರು. “ಛೇ, ಛೇ, ಭಟ್ರು ಇಲ್ಲೇ ಇದಾರೆ. ಅವ್ರು ಮೊದ್ಲು ಇಳೀಲಿ.”

“ಹೋ, ನೀವು ಹಿರಿಯೋರು. ನೀವು ಇಳೀರಿ ಮಾರಾಯ್ರೇ,” ಎಂದರು ಪಕ್ಕದ ಮನೆಯ ಭಟ್ಟರು.

“ಸಾಹೇಬ್ರನ್ನ ಬಿಟ್ಟು ನಾವು ಇಳಿಯೂದಾ? ಚಂದವಾ?” ಎಂದು ಶೇಷಪ್ಪನವರು ಇಂಜಿನಿಯರ ಕಡೆ ತಿರುಗಿದರು.

ಹಲಗೆ ಮತ್ತೆ ಕಿರುಗುಟ್ಟಿತು. ಕೆಳಗಿನಿಂದ ಬಾಯಮ್ಮನ ಜಪ ಕೇಳುತ್ತಿತ್ತು. ಅದೂ ನಡುವೆ ನಿಂತುಹೋಯಿತು.

“ಯಾರಾದ್ರೂ ಇಳೀರಿ ಸ್ವಾಮೀ!” ಎಂದು ಇಂಜಿನಿಯರು ಅಳುವಂತೆ ಕೈಮುಗಿದರು. ಸಾಹೇಬರೇ ಕೈಮುಗಿದ ಮೇಲೆ ಇನ್ನೇನು? ಶೇಷಪ್ಪನವರು ಭಟ್ಟರ ಕೈಹಿಡಿದು ಜೊತೆಗೇ ಇಳಿದರು. ಮರ್ಯಾದೆ ಇಬ್ಬರದೂ ಉಳಿಯಿತು.

ಕೆಳಗೆ ಬಂದು ಎರಡು ಲೋಟ ನೀರು ಕುಡಿದ ಮೇಲೆ ಇಂಜಿನಿಯರಿಗೆ ದನಿ ಬಂತು. “ಇಷ್ಟು ಜನ ಹತ್ತಿದ್ರೂ ನಿಂತಿದೆ. ಕೆಡವೋದು ಬೇಡ. ಆದ್ರೆ ತೊಲೆ ಬದಲಾಯಿಸೋ ತನಕ ಮೇಲೆ ಯಾರೂ ವಾಸ ಮಾಡಬಾರದು. ಮಾಡಿದ್ರೆ ಕೆಡವಿಸ್ತೀನಿ. ಯಾರಾದ್ರೂ ಇದಾರಾ?”

ಬಾಯಮ್ಮ ನನ್ನ ಮುಖ ನೋಡಲೇ ಇಲ್ಲ. “ಯಾರೂ ಇಲ್ಲ ಸಾಹೇಬ್ರೇ.”

ಓದಿದವನಾದ ನಾನು ‘ಹೌದು, ಯಾರೂ ಇಲ್ಲ’ ಎಂದು ತಲೆಯಾಡಿಸಿದೆ.

ತೊಲೆ ಇನ್ನೂ ಬದಲಾಗಿಲ್ಲ. ಮನೆ ನೋಡಲು ಬರುವವರಿಗೆಲ್ಲ ಬಾಯಮ್ಮ ಆ ದಿನದ ಕಥೆ ಹೇಳುತ್ತಾರೆ. ಮುತ್ತಜ್ಜನ ಕೈಕೆಲಸ, ಶೇಷಪ್ಪನವರ ತೂಕ, ಎಲ್ಲ ಅದರಲ್ಲಿ ಬರುತ್ತದೆ. ಈಗ ನಾನಿರುವ ಹಿತ್ತಲ ಸೌದೆ ಕೋಣೆಯ ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಯಾರಾದರೂ ‘ಇವರ್ಯಾರು?’ ಎಂದರೆ, ದನಿ ತಗ್ಗಿಸಿ ಹೇಳುತ್ತಾರೆ:

“ಪಾಪ, ಬಾಡಿಗೆಗೆ ಇದ್ದಾರೆ. ಬಿ.ಎ. ಆಗಿದೆ.”